ನೊರೆ ಬರದಿದ್ದರೆ ಸೋಪನ್ನು ಬೈಯುವ ಮೊದಲು ನೀರನ್ನು ನೋಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಓದುಗರ ವಿಭಾಗದಲ್ಲಿ ಮುಳಬಾಗಿಲು ಕಡೆಯವರೊಬ್ಬರು ಬರೆದ ಪತ್ರ ಓದಿದೆ. ಈಗಿನ ಸೋಪುಗಳಲ್ಲಿ ನೊರೆಯೇ ಇಲ್ಲ, ಕಂಪನಿಗಳು ಕಲಬೆರಕೆ ಮಾಡುತ್ತಿವೆ, ಸರ್ಕಾರ ಸುಮ್ಮನಿರಬಾರದು ಎಂದು ಅವರು ಬರೆದಿದ್ದಾರೆ. ಮುಂದಿನ ವಾರ ಮನೆವಾರ್ತೆ ಪುಟದಲ್ಲಿ ಅದಕ್ಕೆ ಉತ್ತರ ಎಂಬಂತೆ ಒಂದು ಸಲಹೆ ಬಂತು. ಜಾಸ್ತಿ ನೊರೆ ಕೊಡುವ ಸೋಪನ್ನೇ ಕೊಳ್ಳಿ, ನೊರೆ ಹೆಚ್ಚಿದಷ್ಟೂ ಕೊಳೆ ಚೆನ್ನಾಗಿ ಬಿಡುತ್ತದೆ ಎಂದು. ಈ ಎರಡೂ ಮಾತು ಸರಿಯಲ್ಲ. ನಾನು ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ನೀರನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಜಾಗ ಕೊಡಿ.

ನಮ್ಮ ಪ್ರಯೋಗಾಲಯಕ್ಕೆ ಪಂಚಾಯಿತಿಯಿಂದ ಬರುವ ಮಾದರಿಗಳ ಜೊತೆಗೆ ಜನರೂ ಸ್ವತಃ ನೀರು ತರುತ್ತಿದ್ದರು. ಹೆಚ್ಚಿನವರು ಹೆಂಗಸರು. ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಬೋರ್ ನೀರು ತುಂಬಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಅವರ ದೂರು ಒಂದೇ. "ಮೇಡಂ, ಈ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ತಲೆಗೆ ಹಾಕ್ಕೊಂಡ್ರೆ ಕೂದಲು ಅಂಟಂಟು." ಬಾಟಲಿಯ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತಿತ್ತು. ವಾಸನೆಯೂ ಇರುತ್ತಿರಲಿಲ್ಲ. ಆದರೂ ಪರೀಕ್ಷೆ ಮಾಡಿದಾಗ ಅವರ ಮಾತು ಸುಳ್ಳಾಗುವುದು ತೀರಾ ಅಪರೂಪ. ಅಂದರೆ ಆ ಹೆಂಗಸರು ಮನೆಯಲ್ಲೇ ಪರೀಕ್ಷೆ ಮುಗಿಸಿಕೊಂಡು ಬಂದಿರುತ್ತಿದ್ದರು. ನಾವು ಅದಕ್ಕೆ ಒಂದು ಸಂಖ್ಯೆ ಬರೆದುಕೊಡುತ್ತಿದ್ದೆವು, ಅಷ್ಟೇ.

ನೀರು ಗಡಸು ಎನ್ನುವುದು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನಿಂದ. ಮಳೆ ನೀರಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿಗಿಳಿದು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನ ಅಂಶವನ್ನು ಕರಗಿಸಿಕೊಳ್ಳುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಬಟ್ಟೆ ಒಗೆಯುತ್ತಿದ್ದುದು ಕೆರೆ ಕೋಡಿಯಲ್ಲಿ, ಕಲ್ಯಾಣಿಯಲ್ಲಿ, ತೆರೆದ ಬಾವಿಯಲ್ಲಿ. ಅದು ಬಹುಪಾಲು ಆಯಾ ವರ್ಷದ ಮಳೆ ನೀರು. ಈಗ ಸಾವಿರ ಅಡಿ ಕೊರೆದು ಎತ್ತುತ್ತಿದ್ದೇವೆ. ಹಿಂದಿನ ಸೋಪು ನೊರೆಯುತ್ತಿತ್ತು, ಈಗಿನದು ನೊರೆಯುವುದಿಲ್ಲ ಎಂದು ಹಿರಿಯರು ಹೇಳುವುದು ನಿಜ. ಆದರೆ ನಡುವೆ ಮುಖ್ಯವಾಗಿ ಬದಲಾಗಿದ್ದು ನೀರು.

ಸೋಪು ಅಂದರೆ ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾ ಜೊತೆ ಸೇರಿಸಿದಾಗ ಸಿಗುವ ಲವಣ. ಅದರ ಕಣ ಉದ್ದಕ್ಕಿದೆ. ಒಂದು ತುದಿ ನೀರಿಗೆ ಒಲಿಯುತ್ತದೆ, ಉಳಿದ ಬಾಲ ಎಣ್ಣೆಗೆ ಒಲಿಯುತ್ತದೆ. ಬಾಲಗಳು ಜಿಡ್ಡಿನೊಳಗೆ ಹೊಕ್ಕು, ತಲೆಗಳು ಹೊರಗೆ ನೀರಿನ ಕಡೆ ಮುಖ ಮಾಡಿ, ಜಿಡ್ಡನ್ನು ಸಣ್ಣ ಸಣ್ಣ ಉಂಡೆಗಳಾಗಿ ಸುತ್ತಿ ಎಬ್ಬಿಸುತ್ತವೆ. ಆಮೇಲೆ ನೀರು ಅವನ್ನು ಒಯ್ಯುತ್ತದೆ. ಬಟ್ಟೆ ಶುಭ್ರವಾಗುವ ಕೆಲಸ ನಡೆಯುವುದು ಇಲ್ಲಿ, ನೀರಿನೊಳಗೆ, ನೂಲಿನ ಮೈಮೇಲೆ. ಬಕೆಟ್ಟಿನ ಮೇಲೆ ತೇಲುವ ನೊರೆಗೆ ಇದರಲ್ಲಿ ದೊಡ್ಡ ಪಾತ್ರವೇನೂ ಇಲ್ಲ.

ಗಡಸು ನೀರಿಗೆ ಸೋಪು ಬಿದ್ದರೆ ಮೊದಲು ಆಗುವುದೇ ಬೇರೆ. ಒಂದು ಕ್ಯಾಲ್ಸಿಯಂ ಕಣ ಎರಡು ಸೋಪಿನ ಕಣಗಳನ್ನು ಹಿಡಿದುಕೊಳ್ಳುತ್ತದೆ. ಹಾಗೆ ಆದ ವಸ್ತು ನೀರಿನಲ್ಲಿ ಕರಗುವುದಿಲ್ಲ. ಹಾಲು ಒಡೆದ ಹಾಗೆ ಬಿಳಿ ಬಿಳಿ ಗಸಿಯಾಗಿ ಮೇಲೆ ಬರುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬೂದು ಪಟ್ಟೆ, ಬಚ್ಚಲಿನ ಹೆಂಚಿನ ಮೇಲಿನ ಜಿಗುಟು, ಬಿಳಿ ಅಂಗಿ ಬರಬರುತ್ತಾ ಮಾಸಲಾಗುವುದು, ತಲೆಗೂದಲಿನ ಅಂಟು ಇವೆಲ್ಲ ಇದೇ ಗಸಿ. ಕೊಳೆ ತೆಗೆಯಬೇಕಾದ ಸೋಪು ತಾನೇ ಕೊಳೆಯಾಗಿ ಬಟ್ಟೆಗೆ ಅಂಟುತ್ತದೆ.

ಇದರ ಲೆಕ್ಕವನ್ನು ಒಮ್ಮೆ ನೋಡಬೇಕು. ನೀರಿನ ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಬರೆಯುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಇದು 200 ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಿಕೊಳ್ಳಬಹುದು. ನಮ್ಮ ಕಡೆಯ ಬೋರ್ ನೀರಿನಲ್ಲಿ 500 ಕಾಣುವುದು ಅಪರೂಪವೇನಲ್ಲ. ಅಂಥ 10 ಲೀಟರ್ ನೀರು ಬಕೆಟ್ಟಿನಲ್ಲಿದೆ ಅಂದುಕೊಳ್ಳಿ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಮುಗಿಯಬೇಕಾದರೆ ಸುಮಾರು 30 ಗ್ರಾಂ ಶುದ್ಧ ಸೋಪು ಬೇಕು. ನೂರು ಗ್ರಾಂ ಬಿಲ್ಲೆಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅಷ್ಟೂ ಗಸಿಯಾಗಿ ಹೋದ ಮೇಲೆ ಹಾಕುವ ಸೋಪು ಮಾತ್ರ ಬಟ್ಟೆಯ ಕೆಲಸಕ್ಕೆ ಬರುತ್ತದೆ. ಅದೇ ಗಡಸುತನ 100 ಇದ್ದರೆ 6 ಗ್ರಾಂ ಹೋದರೆ ಮುಗಿಯಿತು. ತಿಂಗಳ ಕೊನೆಗೆ ಅಂಗಡಿ ಲೆಕ್ಕ ಬರೆಸುವ ಮನೆಗೆ ಇದು ಸಣ್ಣ ವ್ಯತ್ಯಾಸವಲ್ಲ. ನೀರಿಗೆ ತೆರಿಗೆ ಕಡಿಮೆ ಅಂತ ನಾವು ಅಂದುಕೊಂಡಿರುತ್ತೇವೆ. ಉಳಿದ ದುಡ್ಡನ್ನು ಸೋಪಿನ ಅಂಗಡಿಗೆ ಕಟ್ಟುತ್ತಿರುತ್ತೇವೆ.

ಬೇಳೆ ಬೇಯದಿರುವುದಕ್ಕೂ ಇದೇ ಕ್ಯಾಲ್ಸಿಯಂ ಕಾರಣ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಅನ್ನು ಅದು ಗಟ್ಟಿ ಮಾಡಿಬಿಡುತ್ತದೆ. ಎಷ್ಟು ಸೀಟಿ ಕೂಗಿಸಿದರೂ ಬೇಳೆ ಬಿಡುವುದಿಲ್ಲ. ಒಂದೇ ನೀರು ಒಲೆಯ ಮೇಲೂ ಬಚ್ಚಲಲ್ಲೂ ತನ್ನ ಗುಣ ಹೇಳುತ್ತದೆ, ಹೆಂಗಸರು ಎರಡನ್ನೂ ಜೋಡಿಸಿ ಹೇಳುತ್ತಿದ್ದರು.

ನೊರೆಯಿಂದ ನೀರನ್ನು ಅಳೆಯುವ ಪದ್ಧತಿ ಹಿಂದೆ ವಿಜ್ಞಾನಿಗಳದ್ದೂ ಆಗಿತ್ತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್ ಆಗಿದ್ದ ಥಾಮಸ್ ಕ್ಲಾರ್ಕ್ 1840ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಅಳೆದ ನೀರಿಗೆ ಸೋಪಿನ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಹಾಕುವುದು, ಮುಚ್ಚಳ ಹಾಕಿ ಕುಲುಕುವುದು, ನೊರೆ ಐದು ನಿಮಿಷ ಒಡೆಯದೆ ನಿಲ್ಲುವವರೆಗೆ ಮತ್ತೆ ಮತ್ತೆ ಹಾಕುವುದು. ಎಷ್ಟು ಹಿಡಿಯಿತೋ ಅದೇ ಗಡಸುತನದ ಲೆಕ್ಕ. ನಾವು ಮಾಡುತ್ತಿದ್ದುದು ಇಡಿಟಿಎ ಪರೀಕ್ಷೆ. ಇಡಿಟಿಎ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಣಗಳನ್ನು ಹಿಡಿದುಕೊಳ್ಳುವ ಒಂದು ರಾಸಾಯನಿಕ. ಮೂಗಿಗೆ ರಪ್ಪನೆ ಹೊಡೆಯುವ ಅಮೋನಿಯ ದ್ರಾವಣವನ್ನು ನೀರಿಗೆ ಹಾಕಿ, ಚಿಟಿಕೆ ಬಣ್ಣ ಸೇರಿಸಿದರೆ ನೀರು ಕೆಂಪಾಗುತ್ತದೆ. ಬ್ಯುರೆಟ್ ಎಂಬ ಅಳತೆಯ ಗಾಜಿನ ನಳಿಕೆಯಿಂದ ಇಡಿಟಿಎ ದ್ರಾವಣವನ್ನು ಹನಿ ಹನಿ ಬಿಡುತ್ತಾ ಫ್ಲಾಸ್ಕನ್ನು ಕೈಯಲ್ಲಿ ತಿರುಗಿಸುತ್ತಿರಬೇಕು. ಕೆಂಪು ಮೆಲ್ಲಗೆ ನೇರಳೆಯಾಗಿ, ಇನ್ನೊಂದೇ ಹನಿಗೆ ಸ್ವಚ್ಛ ನೀಲಿಗೆ ತಿರುಗುತ್ತದೆ. ಆ ಹನಿಯಲ್ಲಿ ನಿಲ್ಲಿಸಬೇಕು. ಇದು ಸೋಪಿನ ಪರೀಕ್ಷೆಗಿಂತ ಕರಾರುವಾಕ್ಕು, ನಿಜ. ಆದರೆ ಕ್ಲಾರ್ಕ್ ಪರೀಕ್ಷೆ ಮನೆಯಲ್ಲೇ ಮಾಡಬಹುದು, ಅದು ಇದಕ್ಕಿಂತ ದೊಡ್ಡ ಅನುಕೂಲ.

ಮಾಡುವುದು ಹೇಗೆ ಅಂತ ಹೇಳುತ್ತೇನೆ. ಉಗುರಿನಷ್ಟು ಸ್ನಾನದ ಸೋಪನ್ನು ತುರಿದು ಅರ್ಧ ಲೋಟ ಬಿಸಿ ಆರ್.ಒ. ನೀರಿನಲ್ಲೋ ಮಳೆ ನೀರಿನಲ್ಲೋ ಕರಗಿಸಿ. ಎಣ್ಣೆಯಿಂದ ಮಾಡಿದ ನಿಜವಾದ ಸೋಪೇ ಆಗಬೇಕು, ಶಾಂಪೂ, ಹ್ಯಾಂಡ್‌ವಾಶ್ ಆಗುವುದಿಲ್ಲ. ಎರಡು ಸಣ್ಣ ಔಷಧಿ ಬಾಟಲಿ ತೊಳೆದುಕೊಳ್ಳಿ. ಒಂದಕ್ಕೆ ಎರಡು ಟೀ ಚಮಚ ಆರ್.ಒ. ನೀರು, ಇನ್ನೊಂದಕ್ಕೆ ಎರಡು ಚಮಚ ನಿಮ್ಮ ಬೋರ್ ನೀರು. ದ್ರಾವಣ ಬೆಚ್ಚಗಿರುವಾಗಲೇ ಇಂಕ್ ಫಿಲ್ಲರಿನಲ್ಲಿ ಹನಿ ಹಾಕುತ್ತಾ, ಮುಚ್ಚಿ ಕುಲುಕುತ್ತಾ ಹೋಗಿ. ಆರ್.ಒ. ನೀರಿಗೆ ಕೆಲವೇ ಹನಿಗೆ ನೊರೆ ನಿಲ್ಲುತ್ತದೆ. ಬೋರ್ ನೀರು ಮೊದಲು ಮಬ್ಬಾಗುತ್ತದೆ, ಗಸಿ ತೇಲುತ್ತದೆ, ಕುಲುಕಿದಾಗ ಎದ್ದ ನೊರೆ ಕೆಳಗಿಡುವಷ್ಟರಲ್ಲಿ ಒಡೆಯುತ್ತದೆ. ಹತ್ತಾರು ಹನಿ ಹಾಕಿದ ಮೇಲೆ ಒಂದು ಹಂತದಲ್ಲಿ ನೊರೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಿಲ್ಲುತ್ತದೆ. ಸೋಪು ಅದೇ, ಬೇರೆಯಾಗಿದ್ದು ನೀರು ಮಾತ್ರ. ಕಲಬೆರಕೆ ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಇದಕ್ಕಿಂತ ನೇರ ಉತ್ತರ ಬೇರೆ ಬೇಡ ಅಲ್ವಾ.

ಹಾಗಾದರೆ ನೊರೆ ಅಂದರೆ ಏನು? ನೊರೆ ಅಂದರೆ ಗುಳ್ಳೆಗಳ ರಾಶಿ. ಗುಳ್ಳೆ ಅಂದರೆ ಗಾಳಿಯ ಸುತ್ತ ನೀರಿನ ತೆಳು ಪೊರೆ, ಆ ಪೊರೆಯ ಒಳಮೈಗೂ ಹೊರಮೈಗೂ ಸೋಪಿನ ಕಣಗಳ ಸಾಲು. ಬರೀ ನೀರಿನಲ್ಲಿ ಗುಳ್ಳೆ ನಿಲ್ಲುವುದಿಲ್ಲ. ನೀರಿನ ಮೇಲ್ಮೈಗೆ ಬಲವಾದ ಎಳೆತ ಇದೆ, ಸುಮಾರು 72 ಮಿಲಿನ್ಯೂಟನ್ ಪ್ರತಿ ಮೀಟರಿಗೆ. ಸೋಪು ಹಾಕಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಎಳೆತ ಇಳಿದರೆ ಗುಳ್ಳೆ ನಿಲ್ಲುತ್ತದೆ ಎಂದು ಎಷ್ಟೋ ಪುಸ್ತಕಗಳು ಇಲ್ಲಿಗೇ ಮುಗಿಸುತ್ತವೆ. ಅದು ಅರ್ಧ ಮಾತು. ಸ್ಪಿರಿಟ್ಟಿನ ಎಳೆತ ಇನ್ನೂ ಕಡಿಮೆ, ಅದರಲ್ಲಿ ಗುಳ್ಳೆ ಊದಲು ಆಗುವುದಿಲ್ಲ. ಸೋಪಿನ ಪೊರೆಗೆ ಇರುವ ವಿಶೇಷ ಬೇರೆ. ಪೊರೆ ಎಲ್ಲಾದರೂ ಹಿಗ್ಗಿ ತೆಳುವಾದರೆ ಅಲ್ಲಿ ಸೋಪಿನ ಕಣಗಳು ವಿರಳವಾಗುತ್ತವೆ. ವಿರಳವಾದ ಕಡೆ ಎಳೆತ ಹೆಚ್ಚುತ್ತದೆ. ಹೆಚ್ಚಿದ ಎಳೆತ ಅಕ್ಕಪಕ್ಕದ ನೀರನ್ನೂ ಸೋಪನ್ನೂ ಅಲ್ಲಿಗೇ ಸೆಳೆದು ತೆಳುವಾದ ಜಾಗವನ್ನು ತುಂಬುತ್ತದೆ. ಪೊರೆ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇದರಿಂದಲೇ ಗಾಳಿಗೆ ಅಲುಗಾಡಿದರೂ ಗುಳ್ಳೆ ಸ್ವಲ್ಪ ಹೊತ್ತು ಬದುಕುತ್ತದೆ.

ಇದನ್ನು ಮಕ್ಕಳಿಗೆ ತೋರಿಸಲು ಒಂದು ಬಳೆ ಸಾಕು. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಆರ್.ಒ. ನೀರಿಗೆ ಬೆರೆಸಿ, ಬಳೆಯನ್ನು ಅದ್ದಿ ಮೆಲ್ಲಗೆ ಎತ್ತಿ. ಕಿಟಕಿಯ ಬೆಳಕಿಗೆ ನೇರ ನಿಲ್ಲಿಸಿ ಹಿಡಿಯಿರಿ, ಹಿಂದೆ ಕಪ್ಪು ಬಟ್ಟೆ ಇದ್ದರೆ ಇನ್ನೂ ಚೆನ್ನ. ಮೊದಲು ಪೊರೆಗೆ ಬಣ್ಣವೇ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ತಿಳಿ ಗುಲಾಬಿ, ಹಸಿರು ಪಟ್ಟೆಗಳು ಅಡ್ಡಡ್ಡ ಮೂಡುತ್ತವೆ. ಪೊರೆಯೊಳಗಿನ ನೀರು ಕೆಳಗೆ ಇಳಿಯುತ್ತಾ ಹೋದಂತೆ ಪಟ್ಟೆಗಳೂ ಇಳಿಯುತ್ತವೆ, ಮೇಲಿನವು ಅಗಲವಾಗುತ್ತವೆ, ಬಣ್ಣ ಗಾಢವಾಗುತ್ತದೆ. ಪೊರೆಯ ಎದುರುಮೈಯಿಂದಲೂ ಹಿಂಬದಿಯಿಂದಲೂ ಮರಳಿ ಬರುವ ಬೆಳಕು ಒಂದಕ್ಕೊಂದು ಕೂಡಿ, ಕಳೆದು ಆಗುವ ಬಣ್ಣಗಳು ಇವು. ಯಾವ ಬಣ್ಣ ಎಲ್ಲಿ ಎನ್ನುವುದನ್ನು ಅಲ್ಲಿಯ ಪೊರೆಯ ದಪ್ಪ ತೀರ್ಮಾನಿಸುತ್ತದೆ. ಕೊನೆಗೆ ತುದಿಯಲ್ಲಿ ಬೆಳ್ಳಿಯಂಥ ಬಿಳಿ ಪಟ್ಟೆ ಬರುತ್ತದೆ, ಅದರ ಮೇಲೆ ಕಪ್ಪು. ಅಲ್ಲಿ ಪೊರೆ ಹರಿದುಹೋಗಿದೆ ಎಂದು ಮಕ್ಕಳು ಕೂಗುತ್ತಾರೆ. ಹರಿದಿಲ್ಲ. ಅಲ್ಲಿ ಪೊರೆ ಎಷ್ಟು ತೆಳುವಾಗಿದೆಯೆಂದರೆ ಎರಡು ಮೈಗಳಿಂದ ಬಂದ ಬೆಳಕು ಒಂದನ್ನೊಂದು ಅಳಿಸಿಹಾಕುತ್ತದೆ. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗಿಂತಲೂ ತೆಳು. ಹೀಗೆ ಕಪ್ಪಾದ ಮೇಲೂ ಅದು ಕೆಲವು ಸಲ ನಿಂತಿರುತ್ತದೆ. ಬಳೆಗೆ ಸಡಿಲವಾಗಿ ಒಂದು ದಾರದ ಕುಣಿಕೆ ಕಟ್ಟಿ ಅದ್ದಿದರೆ ಇನ್ನೊಂದು ಚಂದ ಕಾಣುತ್ತದೆ. ಕುಣಿಕೆಯೊಳಗಿನ ಪೊರೆಯನ್ನು ಮಾತ್ರ ಒಣ ಕಡ್ಡಿಯಿಂದ ಒಡೆಯಿರಿ. ಅಂಕುಡೊಂಕಾಗಿ ಬಿದ್ದಿದ್ದ ದಾರ ಚಕ್ಕನೆ ದುಂಡಗಾಗುತ್ತದೆ. ಸುತ್ತಲಿನ ಪೊರೆ ಎಲ್ಲ ಕಡೆಯಿಂದಲೂ ಒಂದೇ ಸಮ ಎಳೆಯುತ್ತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬೋರ್ ನೀರಿನಲ್ಲಿ ಸ್ನಾನದ ಸೋಪು ಕರಗಿಸಿ ಇದೇ ಬಳೆ ಅದ್ದಿದರೆ ಪೊರೆ ನಿಲ್ಲುವುದೇ ಇಲ್ಲ. ಒಂದು, ಪೊರೆ ಕಟ್ಟುವ ಸೋಪು ಉಳಿದಿಲ್ಲ. ಇನ್ನೊಂದು, ಗಸಿಯ ಕಣಗಳು ಪೊರೆಯನ್ನು ಒಡೆಯುತ್ತವೆ. ಇದು ಉದ್ಯಮಕ್ಕೂ ಗೊತ್ತಿರುವ ವಿಷಯ. ಮುಂದಿನಿಂದ ಬಾಗಿಲು ತೆರೆಯುವ ವಾಷಿಂಗ್ ಮೆಷಿನ್ನುಗಳಿಗೆ ನೊರೆ ಕಡಿಮೆ ಬರುವ ಪೌಡರ್ ಬೇಕು. ಪೌಡರಿನಲ್ಲಿ ಕೊಳೆ ತೆಗೆಯುವುದು ಡಿಟರ್ಜೆಂಟ್, ಅದು ಸೋಪಲ್ಲ, ಸೋಪಿನ ಹಾಗೆ ಗಸಿಯಾಗದ ಬೇರೆ ರಾಸಾಯನಿಕ. ನೊರೆ ಜಾಸ್ತಿಯಾದರೆ ಬಟ್ಟೆ ಎದ್ದು ಬೀಳುವ ಪೆಟ್ಟು ಕಡಿಮೆಯಾಗಿ ಕೊಳೆ ಸರಿಯಾಗಿ ಹೋಗುವುದಿಲ್ಲ. ಅಂಥ ಪೌಡರ್ ಮಾಡುವವರು ನೊರೆ ಅಡಗಿಸಲು ಸ್ವಲ್ಪ ಸೋಪನ್ನೇ ಬೆರೆಸುವುದುಂಟು. ನೀರಿನ ಕ್ಯಾಲ್ಸಿಯಂ ಜೊತೆ ಅದು ಗಸಿಯಾಗಿ ನೊರೆಯನ್ನು ಒಡೆಯುತ್ತದೆ. ನೊರೆ ಕಡಿಮೆ ಇದ್ದೂ ಬಟ್ಟೆ ಶುಭ್ರವಾಗುತ್ತದೆ. ಮನೆವಾರ್ತೆ ಪುಟ ಬರೆಯುವವರು ಇದನ್ನು ದಯವಿಟ್ಟು ಗಮನಿಸಬೇಕು. ಏಕೆಂದರೆ ಅವರ ಮಾತು ನಂಬಿ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ನೊರೆ ಏಳುವವರೆಗೂ ಪೌಡರ್ ಸುರಿಯುತ್ತಾರೋ!

ಸುರಿದದ್ದು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ನಾವು ನೋಡಿದ್ದೇವೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆಗೆ ಬೆಂಕಿಯೇ ಹತ್ತಿತು. ಕೋಡಿಯ ಹತ್ತಿರ ರಸ್ತೆಗೆ ನೊರೆ ಹಾರಿ ಬರುವ ಚಿತ್ರಗಳನ್ನು ನಿಮ್ಮ ಪತ್ರಿಕೆಯೂ ಹಾಕಿರಬಹುದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದ ಹೊಸದರಲ್ಲಿ ಅಲ್ಲೂ ನೊರೆ ಕಂಡು ಜನ ಗಾಬರಿಯಾದರು. ಡಿಟರ್ಜೆಂಟಿನ ಮುಖ್ಯ ಕಣ ಗಾಳಿ ಸಿಗುವ ನೀರಿನಲ್ಲಿ ಬ್ಯಾಕ್ಟೀರಿಯಾಗಳಿಂದ ಕೊಳೆತು ಹೋಗುತ್ತದೆ. ಆಮ್ಲಜನಕವೇ ಇಲ್ಲದ ಕೆಸರಿನಲ್ಲಿ ಅದು ಹಾಗೇ ಕೂತಿರುತ್ತದೆ. ಜೋರು ಮಳೆ ಬಂದು ಕೆಸರು ಕದಡಿ, ನೀರು ಎತ್ತರದಿಂದ ಧುಮುಕಿದರೆ ಮತ್ತೆ ನೊರೆ. ಜರ್ಮನಿಯಲ್ಲಿ 1950ರ ದಶಕದಲ್ಲಿ ನದಿಗಳೇ ನೊರೆಯುತ್ತಿದ್ದವು. ಆಗಿನ ಡಿಟರ್ಜೆಂಟ್ ಕಣದ ಬಾಲ ಕವಲೊಡೆದಿತ್ತು, ಬ್ಯಾಕ್ಟೀರಿಯಾಗಳಿಗೆ ಅದನ್ನು ತಿನ್ನಲು ಆಗುತ್ತಿರಲಿಲ್ಲ. 1961ರಲ್ಲಿ ಅಲ್ಲಿ ಕಾನೂನು ಮಾಡಿ ಬೇಗ ಕೊಳೆಯುವ ನೇರ ಬಾಲದ ಕಣಕ್ಕೆ ಬದಲಾಯಿಸಿದರು. ನಮ್ಮಲ್ಲಿ ಈಗ ಇರುವುದೂ ಅದೇ ನೇರ ಬಾಲದ್ದು. ಆದರೆ ಕೊಳಚೆ ನೀರನ್ನು ಶುದ್ಧ ಮಾಡದೆ ಬಿಟ್ಟರೆ ಯಾವ ಕಣ ಇದ್ದು ಏನು ಪ್ರಯೋಜನ?

ಮನೆಯಲ್ಲಿ ಏನು ಮಾಡಬಹುದು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ವಾಷಿಂಗ್ ಸೋಡಾ. ಅದು ಕ್ಯಾಲ್ಸಿಯಂ ಅನ್ನು ಸುಣ್ಣದ ಪುಡಿಯಾಗಿ ಕೆಳಗಿಳಿಸುತ್ತದೆ, ಸೋಪು ಉಳಿಯುತ್ತದೆ. 500 ಗಡಸುತನದ 10 ಲೀಟರಿಗೆ ಹರಳು ಸೋಡಾ ಸುಮಾರು 15 ಗ್ರಾಂ ಸಾಕು. ಮೊದಲು ಸೋಡಾ ಹಾಕಿ, ಕಲಕಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸೋಪು. ರೇಷ್ಮೆ, ಉಣ್ಣೆ ಬಟ್ಟೆಗೂ ಅಲ್ಯೂಮಿನಿಯಂ ಪಾತ್ರೆಗೂ ಇದು ಬೇಡ. ಕೈಗೂ ಒಳ್ಳೆಯದಲ್ಲ, ಕೋಲಿನಿಂದ ಕಲಕಿ. ನಮ್ಮ ಮಡಿವಾಳರು ಚೌಳು ಮಣ್ಣು ಹಾಕಿ ಬಟ್ಟೆಯನ್ನು ಉಬ್ಬೆಗೆ ಇಡುತ್ತಿದ್ದರಲ್ಲ, ಆ ಮಣ್ಣಿನಲ್ಲಿ ಇರುತ್ತಿದ್ದುದೂ ಇದೇ ಸೋಡಾ. ಸೋಪು ಇಲ್ಲದ ಕಾಲದಲ್ಲೂ ಅವರ ಕೈಯಲ್ಲಿ ಪಂಚೆ ಬೆಳ್ಳಗಾಗುತ್ತಿತ್ತು, ಅದರಲ್ಲಿ ಎಷ್ಟು ನೊರೆ ಇತ್ತು ಹೇಳಿ? ತಲೆಗೆ ಸೀಗೆಕಾಯಿಯೋ ಅಂಟುವಾಳವೋ ಆದರೆ ಗಡಸು ನೀರಿನಲ್ಲೂ ಸೋಪಿನ ಹಾಗೆ ಗಸಿ ಬಿಡುವುದಿಲ್ಲ. ನೀರು ಕುದಿಸಿದರೂ ಗಡಸುತನದ ಒಂದು ಪಾಲು ಇಳಿಯುತ್ತದೆ, ಹಂಡೆಯೊಳಗೆ, ಗೀಜರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಅದೇ. ಮಳೆಗಾಲದಲ್ಲಿ ಹೆಂಚಿನ ನೀರನ್ನು ಮೊದಲ ಮಳೆ ಬಿಟ್ಟು ಡ್ರಮ್ಮಿಗೆ ಹಿಡಿದರೆ ಎಲ್ಲಕ್ಕಿಂತ ಉತ್ತಮ. ಒಂದು ಎಚ್ಚರಿಕೆ. ಆರ್.ಒ. ಘಟಕದಿಂದ ಹೊರಗೆ ಬಿಡುವ ತ್ಯಾಜ್ಯ ನೀರು ಮೂಲ ಬೋರ್ ನೀರಿಗಿಂತಲೂ ಗಡಸು. ಸುಮ್ನೆ ಹರಿದು ಹೋಗುತ್ತದಲ್ಲ ಎಂದು ಅದರಲ್ಲಿ ಸೋಪಿನಿಂದ ಬಟ್ಟೆ ಒಗೆದರೆ ಸೋಪು ದಂಡ.

ಕಂಪನಿಗಳ ಬಗ್ಗೆ ಪತ್ರ ಬರೆದವರ ಸಿಟ್ಟಿಗೆ ಒಂದು ಜಾಗ ಇದೆ, ಆದರೆ ಅದು ನೊರೆಯಲ್ಲಿ ಅಲ್ಲ. ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ, ಒಟ್ಟು ಕೊಬ್ಬಿನಂಶ ಎಷ್ಟು ಎಂಬ ಲೆಕ್ಕ. ಟಾಯ್ಲೆಟ್ ಸೋಪು ಒಂದನೇ ದರ್ಜೆಯದಾದರೆ ಕನಿಷ್ಠ ಶೇಕಡ 76, ಎರಡನೆಯದಾದರೆ 70, ಮೂರನೆಯದಾದರೆ 60 ಇರಬೇಕು. ಬೇತಿಂಗ್ ಬಾರ್ ಎಂದು ಬರೆದಿದ್ದರೆ ಅದಕ್ಕೆ ಬೇರೆ ಮಾನಕ, ಅದರಲ್ಲಿ ಇನ್ನೂ ಕಡಿಮೆ ಇರಬಹುದು. ಇದನ್ನೆಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸುತ್ತಾರೆ. ಹೊದಿಕೆಯ ಮುಂಭಾಗದಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆಯಲಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ನಾನೂ ಸಹಿ ಹಾಕುತ್ತೇನೆ.

ಇನ್ನೊಬ್ಬರ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಆಗ್ನೆಸ್ ಪೊಕೆಲ್ಸ್ ಎಂಬ ಜರ್ಮನ್ ಹೆಣ್ಣುಮಗಳು, 1862ರಲ್ಲಿ ಹುಟ್ಟಿದವರು, ಬ್ರೌನ್‌ಶ್ವೈಗ್ ಊರಿನಲ್ಲಿ ಕಾಯಿಲೆಯ ತಂದೆತಾಯಿಯನ್ನು ನೋಡಿಕೊಂಡು ಮನೆಯಲ್ಲಿದ್ದರು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಕ್ಕೆ ಪ್ರವೇಶ ಇರಲಿಲ್ಲ. ತಮ್ಮ ಫ್ರೀಡ್ರಿಕ್ ಭೌತಶಾಸ್ತ್ರ ಓದಿದ, ಅವನ ಪುಸ್ತಕಗಳನ್ನು ಇವರೂ ಓದಿದರು. ಹದಿನೆಂಟರ ವಯಸ್ಸಿನಿಂದಲೇ ನೀರಿನ ಮೇಲ್ಮೈಯನ್ನು ಜಿಡ್ಡು ಹೇಗೆ ಬದಲಾಯಿಸುತ್ತದೆ ಎಂದು ಅಳೆಯತೊಡಗಿದರು. ಸುಮಾರು 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ತವರದ ತೊಟ್ಟಿ, ಅದರ ಮೇಲೆ ಅಡ್ಡಲಾಗಿ ಒಂದು ತವರದ ಪಟ್ಟಿ. ಪಟ್ಟಿಯನ್ನು ಜರುಗಿಸಿದರೆ ನೀರಿನ ಮೇಲ್ಮೈ ಹಿರಿದು ಕಿರಿದಾಗುತ್ತದೆ. ಅಂಗಿಯ ಗುಂಡಿಯಂಥ ಒಂದು ಚಿಕ್ಕ ಬಿಲ್ಲೆಯನ್ನು ನೀರಿನ ಮೈಯಿಂದ ಬಿಡಿಸಲು ಎಷ್ಟು ತೂಕ ಬೇಕು ಎಂದು ತಕ್ಕಡಿಯಲ್ಲಿ ನೋಡುತ್ತಿದ್ದರು. 1891ರ ಜನವರಿಯಲ್ಲಿ ಇದನ್ನೆಲ್ಲ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಜರ್ಮನ್ ಭಾಷೆಯಲ್ಲಿ ಕಾಗದ ಬರೆದು ತಿಳಿಸಿದರು. ರೇಲಿ ಅವರ ಹೆಂಡತಿ ಅದನ್ನು ಇಂಗ್ಲಿಷಿಗೆ ತಂದರು. ರೇಲಿ ಅದನ್ನು ನೇಚರ್ ಪತ್ರಿಕೆಯ ಸಂಪಾದಕರಿಗೆ ಕಳಿಸಿ, ಮನೆಯ ಸಾಮಾನುಗಳಿಂದಲೇ ಈಕೆ ಬೆಲೆಬಾಳುವ ಫಲಿತಾಂಶ ಪಡೆದಿದ್ದಾರೆ, ಪ್ರಕಟಿಸಿ ಎಂದು ಕೇಳಿಕೊಂಡರು. ಅದೇ ಮಾರ್ಚ್ 12ರಂದು ಪ್ರಕಟವಾಯಿತು. ಇಂಥದೇ ತೊಟ್ಟಿಯನ್ನು ಸುಧಾರಿಸಿ ಕೆಲಸ ಮಾಡಿದ ಅಮೆರಿಕದ ಇರ್ವಿಂಗ್ ಲಾಂಗ್‌ಮ್ಯೂರ್ ಅವರಿಗೆ 1932ರಲ್ಲಿ ನೊಬೆಲ್ ಬಂತು. ಅದೇ ವರ್ಷ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಪೊಕೆಲ್ಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಅವರಿಗೆ ಎಪ್ಪತ್ತು.

ಬಾಟಲಿ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಹೆಂಗಸರನ್ನು ನೆನೆಸಿಕೊಂಡಾಗಲೆಲ್ಲ ನನಗೆ ಪೊಕೆಲ್ಸ್ ನೆನಪಾಗುತ್ತಾರೆ. ಯಾವ ಬೋರ್ ನೀರಿಗೆ ಎಷ್ಟು ಸೋಪು ಹಿಡಿಯುತ್ತದೆ, ಯಾವ ತಿಂಗಳಲ್ಲಿ ಬೇಳೆ ಬೇಯುವುದು ನಿಧಾನ, ಕೆರೆ ತುಂಬಿದ ವರ್ಷ ನೀರು ಎಷ್ಟು ಸಪ್ಪೆಯಾಯಿತು ಇವೆಲ್ಲ ಅವರಿಗೆ ಗೊತ್ತು. ಅದನ್ನು ಯಾರೂ ಬರೆದಿಟ್ಟುಕೊಂಡಿಲ್ಲ. ಪರೀಕ್ಷೆಯ ವರದಿ ಕೊಟ್ಟಾಗಲೂ ಅದು ಪಂಚಾಯಿತಿ ಕಡತದೊಳಗೆ ಸೇರಿಬಿಡುತ್ತದೆ, ನೀರು ಹಿಡಿಯುವವರಿಗೆ ತಿಳಿಯುವುದಿಲ್ಲ.

ಅದಕ್ಕೇ ನಿಮ್ಮ ಪತ್ರಿಕೆಯ ಮೂಲಕ ಎರಡು ಮಾತು ಕೇಳುತ್ತೇನೆ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಕೊಳವೆ ಬಾವಿಯ ಹತ್ತಿರವೂ, ಆ ನೀರಿನ ಗಡಸುತನ ಎಷ್ಟು, ಫ್ಲೋರೈಡ್ ಎಷ್ಟು, ಯಾವತ್ತು ಪರೀಕ್ಷೆ ಆಯಿತು ಎಂದು ಕನ್ನಡದಲ್ಲಿ ಬರೆಸಬೇಕು. ಫ್ಲೋರೈಡನ್ನು ಸೇರಿಸಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಅದು ನೊರೆಯಲ್ಲೂ ರುಚಿಯಲ್ಲೂ ಗೊತ್ತಾಗುವುದಿಲ್ಲ, ಪ್ರಯೋಗಾಲಯವೇ ಬೇಕು. ಅದು ಹೆಚ್ಚಾಗಿ ಕಲೆ ಬಿದ್ದ ನಮ್ಮ ಸೀಮೆಯ ಮಕ್ಕಳ ಹಲ್ಲು ನೋಡಿದವರಿಗೆ ಇದರ ಗಂಭೀರತೆ ವಿವರಿಸಬೇಕಾಗಿಲ್ಲ. ಇನ್ನೊಂದು, ಪ್ರೌಢಶಾಲೆಯ ಮಕ್ಕಳಿಂದ ತಮ್ಮೂರಿನ ಎಲ್ಲ ಬೋರ್‌ಗಳ ನೀರಿಗೂ ಸೋಪಿನ ಪರೀಕ್ಷೆ ಮಾಡಿಸಿ ಹನಿಗಳ ಲೆಕ್ಕವನ್ನು ಶಾಲೆಯ ದಾಖಲೆಯಲ್ಲಿ ಬರೆದಿಡಬೇಕು. ಮುಂಗಾರಿಗೆ ಮೊದಲು ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ. ಲೆಕ್ಕ ಹಾಳೆಯ ನಮೂನೆ ಮಾಡಿಕೊಡಲು ನಾನು ಸಿದ್ಧ. ಆಸಕ್ತಿ ಇರುವ ಮೇಷ್ಟ್ರು, ಟೀಚರ್‌ಗಳು ನಿಮ್ಮ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪಿಸಿ.

ಇಂತಿ,
ನಿವೃತ್ತ ನೀರು ಪರೀಕ್ಷಕಿ, ಚಿಂತಾಮಣಿ